ನೋಟವೂ ಅಳತೆಯೂ

ಹೊಸ ಯಂತ್ರವೊಂದನ್ನು ಪೂರ್ತಿ ಅರಿಯದೆ ಬಳಸುವವನಿಗೆ ಎರಡು ಬಗೆಯ ತೊಂದರೆ ಕಾದಿರುತ್ತದೆ. ಯಂತ್ರ ಅವನು ಹೇಳಿದಂತೆ ಕೇಳದಿದ್ದರೆ ಒಂದು ತೊಂದರೆ. ಹೇಳಿದ್ದನ್ನು ಚಾಚೂ ತಪ್ಪದೆ ನಡೆಸಿಬಿಟ್ಟರೆ ಇನ್ನೊಂದು. ಮೊದಲನೆಯದರಲ್ಲಿ ಯಂತ್ರವನ್ನು ಬಯ್ದು ಸಮಾಧಾನ ಮಾಡಿಕೊಳ್ಳಬಹುದು. ಎರಡನೆಯದರಲ್ಲಿ ಆ ಅನುಕೂಲವೂ ಇಲ್ಲ. ನನಗೆ ಒದಗಿದ್ದು ಎರಡನೆಯದು.

ವೃತ್ತಿಯಿಂದ ನಾನು ಕನ್ನಡ ಅಧ್ಯಾಪಕ. ವ್ಯಾಕರಣ, ಛಂದಸ್ಸು, ಹಳಗನ್ನಡ ಕಾವ್ಯ ಇವುಗಳ ನಡುವೆ ಕಾಲ ಕಳೆದವನು. ನಲವತ್ತು ದಾಟಿದ ಮೇಲೆ ಕೆಲವರಿಗೆ ತೋಟದ ಹುಚ್ಚು, ಕೆಲವರಿಗೆ ಸಂಗೀತದ ಹುಚ್ಚು ಹಿಡಿಯುವಂತೆ ನನಗೆ ಕ್ಯಾಮೆರಾದ ಹುಚ್ಚು ಹಿಡಿಯಿತು. "ಫೋನಿನಲ್ಲೇ ಒಂದು ಇದೆಯಲ್ಲ, ಇನ್ನೊಂದು ಏಕೆ?" ಎಂದು ಮನೆಯಲ್ಲಿ ಕೇಳಿದರು. ತಕ್ಕ ಉತ್ತರ ಹೊಳೆಯಲಿಲ್ಲ. ಉತ್ತರ ಹೊಳೆಯದ ಕಾರಣದಿಂದಲೇ ಕೊಂಡೆನೆಂದು ಕಾಣುತ್ತದೆ. ಅದರೊಡನೆ ಬಂದ ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಹಳಗನ್ನಡ ಓದಿದವನಿಗೆ ಯಾವ ಕೈಪಿಡಿಯೂ ಕಠಿನವಲ್ಲವೆಂಬ ಸಣ್ಣ ಗರ್ವವೂ ಇತ್ತು. ಅದರ ಒಂದು ಪುಟ ನನ್ನನ್ನು ಬಹುವಾಗಿ ಸೆಳೆಯಿತು: ಬೆಳಕನ್ನು ಅಳೆಯುವ ಬಿಂದುವನ್ನು ಫೋಕಸ್ ಬಿಂದುವಿಗೆ ಜೋಡಿಸಬಹುದು ಎಂದು ಅಲ್ಲಿ ಬರೆದಿತ್ತು.

ಈ ಕಲೆಯ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ಚಿತ್ರ ತೆಗೆಯುವಾಗ ಕ್ಯಾಮೆರಾ ಎರಡು ಕೆಲಸ ಮಾಡಬೇಕು. ಮೊದಲನೆಯದು, ಚೌಕಟ್ಟಿನಲ್ಲಿ ಯಾವುದು ಸ್ಪಷ್ಟವಾಗಿ ಮೂಡಬೇಕೆಂದು ಗೊತ್ತುಮಾಡಿಕೊಳ್ಳುವುದು, ಇದು ಫೋಕಸ್. ಎರಡನೆಯದು, ಒಳಗೆ ಎಷ್ಟು ಬೆಳಕು ಬಿಡಬೇಕೆಂದು ಅಳೆಯುವುದು; ಇದು ಮೀಟರಿನ ಕೆಲಸ. ಮೀಟರು ಇಡೀ ಚೌಕಟ್ಟನ್ನು ಗಮನಕ್ಕೆ ತಂದುಕೊಂಡು ಒಂದು ಹೊಂದಾಣಿಕೆಗೆ ಬರಬಹುದು. ಇಲ್ಲವೆ ಒಂದು ಚಿಕ್ಕ ಬೊಟ್ಟಿನಷ್ಟು ಜಾಗವನ್ನು ಮಾತ್ರ ಅಳೆದು ಉಳಿದದ್ದನ್ನೆಲ್ಲ ಲೆಕ್ಕದಿಂದ ಬಿಡಬಹುದು. ಈ ಎರಡನೆಯ ಬಗೆಗೆ ಸ್ಪಾಟ್ ಮೀಟರಿಂಗ್ ಎಂದು ಹೆಸರು. ನಿಕಾನ್ ಕ್ಯಾಮೆರಾಗಳಲ್ಲಿ ಈ ಬೊಟ್ಟು ಚೌಕಟ್ಟಿನ ನೂರು ಪಾಲಿನಲ್ಲಿ ಒಂದೂವರೆ, ಎರಡೂವರೆ ಪಾಲಿನಷ್ಟು ಇರುತ್ತದೆ. ನಾವು ಆರಿಸಿದ ಫೋಕಸ್ ಬಿಂದು ಎಲ್ಲಿಗೆ ಹೋದರೆ ಅಲ್ಲಿಗೆ ತಾನೂ ಹೋಗುತ್ತದೆ. ಕ್ಯಾನನ್ ಕಂಪನಿಯ ಕನ್ನಡಿಯುಳ್ಳ ಡಿಜಿಟಲ್ ಕ್ಯಾಮೆರಾಗಳಲ್ಲಿ ಹೆಚ್ಚಿನವು ಬೊಟ್ಟನ್ನು ನಟ್ಟನಡುವೆ ಕಟ್ಟಿಹಾಕಿ, ಜೋಡಣೆಯ ಸೌಲಭ್ಯವನ್ನು ಅತಿ ಬೆಲೆಯ 1ಡಿ ಶ್ರೇಣಿಗೆ ಮೀಸಲಿಟ್ಟವು. ಸೋನಿ, ಫ್ಯೂಜಿಫಿಲ್ಮ್ ಕಂಪನಿಗಳ ಹಲವು ಕ್ಯಾಮೆರಾಗಳು ಜೋಡಿಸುವ, ಬಿಡುವ ಆಯ್ಕೆಯನ್ನು ನಮಗೇ ಕೊಟ್ಟಿವೆ.

ಓದಿದಾಗ ನನಗೆ ಇದು ಬಹಳ ನ್ಯಾಯವಾಗಿ ತೋರಿತು. ಯಾರನ್ನು ನೋಡುತ್ತೇನೋ ಅವರ ಮೇಲಿನ ಬೆಳಕನ್ನೇ ಅಳೆಯಬೇಕಲ್ಲವೆ? ನೋಟ ಒಂದು ಕಡೆ, ಅಳತೆ ಇನ್ನೊಂದು ಕಡೆ ಇರುವುದು ಯಾವ ನೀತಿ? ಕೂಡಲೆ ಎರಡನ್ನೂ ಜೋಡಿಸಿಟ್ಟೆ. ಹಾಗೆ ಜೋಡಿಸಿದ್ದನ್ನು ಮರೆತೂಬಿಟ್ಟೆ.

ಕೆಲವು ತಿಂಗಳ ಮೇಲೆ ನಮ್ಮ ಕಾಲೇಜಿನ ಕನ್ನಡ ಸಂಘದ ವಾರ್ಷಿಕೋತ್ಸವ ನಡೆಯಿತು. ಬರಬೇಕಾಗಿದ್ದ ಸ್ಟುಡಿಯೋದವನು ಬರಲಿಲ್ಲ. "ಮೇಷ್ಟ್ರೇ, ನಿಮ್ಮ ಹತ್ತಿರ ದೊಡ್ಡ ಕ್ಯಾಮೆರಾ ಇದೆಯಲ್ಲ, ಗ್ರೂಪ್ ಫೋಟೋ ನೀವೇ ತೆಗೆದುಬಿಡಿ" ಎಂದರು ಪ್ರಿನ್ಸಿಪಾಲರು. ಕ್ಯಾಮೆರಾ ದೊಡ್ಡದಾದರೆ ತೆಗೆಯುವವನೂ ದೊಡ್ಡವನೆಂದು ಜನ ತಿಳಿಯುತ್ತಾರೆ. ನಾನೂ ಹಾಗೆಯೇ ತಿಳಿದೆ. ಬೆಳಗಿನ ಹನ್ನೊಂದು ಗಂಟೆ. ಮುಂದಿನ ಸಾಲಿನಲ್ಲಿ ಕುರ್ಚಿಗಳು. ನಡುವೆ ಬಿಳಿಯ ಜುಬ್ಬ ತೊಟ್ಟ ಮುಖ್ಯ ಅತಿಥಿಗಳು. ಅವರ ಮೇಲೆ ಒಳ್ಳೆಯ ಬಿಸಿಲು. ಹಿಂದೆ ನಿಂತವರ ಸಾಲು ಹೊಂಗೆಯ ಮರದ ನೆರಳಿನೊಳಗೆ ಸೇರಿಹೋಗಿತ್ತು. ಇನ್ನೇನು ತೆಗೆಯಬೇಕು ಎನ್ನುವಾಗ ನಮ್ಮ ವಿಭಾಗದ ಅಟೆಂಡರ್ ಬಂದು, "ಇದ್ರಲ್ಲಿ ನಾನೂ ನಿಂತ್ಕೊಳ್ಳಲಾ ಸಾರ್?" ಎಂದು ಕೇಳಿದರು. ಆ ಕುರ್ಚಿಗಳನ್ನೆಲ್ಲ ತಂದು ಹಾಕಿದವರು ಅವರೇ. ಮೂವತ್ತನಾಲ್ಕು ವರ್ಷ ದುಡಿದು ಆ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. "ಅದನ್ನೂ ಕೇಳಬೇಕೆ? ನಿಂತುಕೊಳ್ಳಿ" ಎಂದೆ. ಹಿಂದಿನ ಸಾಲಿನ ತುದಿಯಲ್ಲಿ, ಮರದ ಕಾಂಡಕ್ಕೆ ಸಮೀಪವಾಗಿ ಹೋಗಿ ನಿಂತರು.

ನಾನು ಫೋಕಸ್ ಚೌಕವನ್ನು ಮುಖ್ಯ ಅತಿಥಿಗಳ ಮೇಲಿಟ್ಟೆ. ಅದು ಅವರ ಮುಖಕ್ಕಿಂತ ತುಸು ಕೆಳಗೆ, ಜುಬ್ಬದ ಎದೆಯ ಮೇಲೆ ಕುಳಿತಿತು. ಮೂರು ಚಿತ್ರ ತೆಗೆದೆ. ಬಿಸಿಲಿನಲ್ಲಿ ಹಿಂಬದಿಯ ಪರದೆ ಸರಿಯಾಗಿ ಕಾಣಲಿಲ್ಲ. ಮನೆಗೆ ಬಂದು ನೋಡಿದರೆ ಜುಬ್ಬದ ಒಂದೊಂದು ನೆರಿಗೆಯೂ ಸ್ಪಷ್ಟವಾಗಿದೆ. ಹಿಂದಿನ ಸಾಲು ಸಂಜೆಯಾದಂತಿದೆ. ತುದಿಯಲ್ಲಿ ಮನುಷ್ಯನ ಎತ್ತರದ ಒಂದು ಕತ್ತಲೆ ನಿಂತಿದೆ.

ಮಾರನೆಯ ದಿನ ಆತ ತಾವಾಗಿಯೇ ಬಂದು ಚಿತ್ರ ನೋಡಬೇಕೆಂದರು. ತೋರಿಸದೆ ವಿಧಿಯಿರಲಿಲ್ಲ. ಬಹಳ ಹೊತ್ತು ನೋಡಿದರು. ಆಮೇಲೆ ನನಗೇ ಸಮಾಧಾನ ಹೇಳುವವರ ಹಾಗೆ, "ಇದ್ದೀನಲ್ಲ ಸಾರ್, ಸ್ವಲ್ಪ ಕತ್ತಲಾಗಿದ್ದೀನಿ ಅಷ್ಟೆ" ಎಂದು ನಕ್ಕು ಹೋದರು. ಬಯ್ದಿದ್ದರೆ ನಾನು ಆ ಮಾತನ್ನು ಇಷ್ಟು ದಿನ ನೆನಪಿನಲ್ಲಿಟ್ಟುಕೊಳ್ಳುತ್ತಿರಲಿಲ್ಲವೋ ಏನೋ.

ಭೌತಶಾಸ್ತ್ರದ ಅಧ್ಯಾಪಕ ಮಿತ್ರರಿಗೆ ಚಿತ್ರವನ್ನು ತೋರಿಸಿದೆ. ಅವರು ಒಂದು ನಿಮಿಷದಲ್ಲಿ ಕಾರಣ ಹೇಳಿದರು. ಮೀಟರಿಗೆ ಬಿಳಿ ಯಾವುದು, ಕಪ್ಪು ಯಾವುದು ಎಂಬುದು ತಿಳಿಯದು. ತನ್ನೆದುರಿಗೆ ಇರುವುದು ಮಧ್ಯಮ ಬೂದು ಬಣ್ಣದ್ದೆಂದು ಅದು ಮೊದಲೇ ನಂಬಿ ಕುಳಿತಿರುತ್ತದೆ. ಛಾಯಾಗ್ರಾಹಕರು ಅಳತೆಗೆ ಹಿಡಿಯುವ ಬೂದು ಕಾಗದ, ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 18 ಪಾಲನ್ನು ಹಿಂತಿರುಗಿಸುತ್ತದೆ. ಜಗತ್ತೆಲ್ಲ ಸರಿಸುಮಾರು ಹಾಗೆಯೇ ಎಂಬುದು ಮೀಟರಿನ ಸಿದ್ಧಾಂತ. ಬಿಳಿಯ ಜುಬ್ಬವನ್ನು ಅದಕ್ಕೆ ತೋರಿಸಿದರೆ, "ಇಷ್ಟು ಬೆಳಕು ಹೆಚ್ಚಾಯಿತು" ಎಂದು ಬಾಗಿಲನ್ನು ಕಿರಿದು ಮಾಡುತ್ತದೆ. ಎರಡು ಸ್ಟಾಪ್ ಕಿರಿದಾದರೆ ಎಲ್ಲರಿಗೂ ಸಿಗುವುದು ನಾಲ್ಕರಲ್ಲಿ ಒಂದು ಪಾಲು ಬೆಳಕು. ಬಿಸಿಲಿನಲ್ಲಿ ಕುಳಿತವರು ಆ ಒಂದು ಪಾಲಿನಲ್ಲಿಯೂ ಬದುಕಿಕೊಳ್ಳುತ್ತಾರೆ. ಮೊದಲೇ ನೆರಳಿನಲ್ಲಿದ್ದವರು ಮುಳುಗಿಹೋಗುತ್ತಾರೆ.

"ಅಂದರೆ ತಪ್ಪು ಯಂತ್ರದ್ದಲ್ಲ" ಎಂದೆ.

"ಯಂತ್ರ ನಿಮ್ಮ ಮಾತನ್ನೇ ನಡೆಸಿದೆ, ಮೇಷ್ಟ್ರೇ. ನೀವು ಯಾರನ್ನು ನೋಡಿದಿರೋ ಅವರನ್ನೇ ಅಳತೆಗೋಲು ಮಾಡಿಕೊಂಡಿತು" ಎಂದರು ಅವರು.

ಅವರು ಭೌತಶಾಸ್ತ್ರವನ್ನು ಹೇಳಿ ಚಹಾ ಕುಡಿದು ಹೋದರು. ನನಗೆ ಮಾತ್ರ ಅದು ಭೌತಶಾಸ್ತ್ರವಾಗಿ ಉಳಿಯಲಿಲ್ಲ.

ನಮ್ಮ ಶಾಸ್ತ್ರಗಳಲ್ಲಿ ಲಕ್ಷ್ಯ, ಲಕ್ಷಣ ಎಂಬ ಎರಡು ಮಾತುಗಳಿವೆ. ಒಂದೇ ಧಾತುವಿನಿಂದ ಹುಟ್ಟಿದ ಅಣ್ಣತಮ್ಮಂದಿರು. ಲಕ್ಷ್ಯವೆಂದರೆ ನಾವು ನೋಡುವ ವಸ್ತು, ಎದುರಿಗಿರುವ ಪ್ರಯೋಗ. ಲಕ್ಷಣವೆಂದರೆ ಅದನ್ನು ನೋಡಿ ನಾವು ಕಟ್ಟುವ ನಿಯಮ. 'ಲಕ್ಷ್ಯ ಕೊಡು' ಎಂದರೆ ಗಮನವಿಡು ಎಂದೇ ಇಂದಿಗೂ ಅರ್ಥ. ಒಂದೇ ಲಕ್ಷ್ಯವನ್ನು ಕಂಡು ಲಕ್ಷಣವನ್ನು ಕಟ್ಟಿದರೆ ಅದು ಉಳಿದ ಲಕ್ಷ್ಯಗಳಿಗೆ ಹೊಂದುವುದಿಲ್ಲ. ಅದಕ್ಕೆ ಅವ್ಯಾಪ್ತಿದೋಷವೆಂದು ಹೆಸರು. ಹದಿಮೂರನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ವನ್ನು ಬರೆಯುವಾಗ, ತನ್ನ ಗ್ರಂಥಕ್ಕೆ ಲಕ್ಷ್ಯ ಯಾರೆಂದು ಮೊದಲೇ ಹೇಳಿಬಿಡುತ್ತಾನೆ. ಗಜಗನಿಂದ ಸುಜನೋತ್ತಂಸನವರೆಗೆ ಹತ್ತು ಹೆಸರುಗಳನ್ನು ಎಣಿಸುತ್ತಾನೆ. ಅವರಲ್ಲಿ ಪಂಪನೂ ಇದ್ದಾನೆ, ಪೊನ್ನನೂ ಇದ್ದಾನೆ. ಇಂದು ಕಾವ್ಯವೇ ಸಿಕ್ಕದ ಕವಿಗಳೂ ಇದ್ದಾರೆ. ಪಂಪನೊಬ್ಬನನ್ನೇ ನೋಡಿ ಕನ್ನಡದ ವ್ಯಾಕರಣ ಬರೆದಿದ್ದರೆ ಯಾರು ಆಕ್ಷೇಪಿಸುತ್ತಿದ್ದರು? ಅಷ್ಟು ದೊಡ್ಡ ಕವಿ ಅವನು. ಆದರೂ ಕೇಶಿರಾಜ ಹತ್ತು ಕಡೆ ನೋಡಿದ. ಈ ಪಾಠವನ್ನು ನಾನು ಇಪ್ಪತ್ತು ವರ್ಷದಿಂದ ವಿದ್ಯಾರ್ಥಿಗಳಿಗೆ ಹೇಳುತ್ತ ಬಂದಿದ್ದೇನೆ. ನನಗೆ ಹೇಳಿಕೊಂಡಿರಲಿಲ್ಲ.

ಆದರೆ ಪ್ರಶ್ನೆ ಅಷ್ಟು ಸುಲಭವಾಗಿ ತೀರುವಂಥದಲ್ಲ. ನೋಟವನ್ನೂ ಅಳತೆಯನ್ನೂ ಬೇರೆ ಮಾಡಿದರೆ ನ್ಯಾಯ ದೊರೆತುಬಿಟ್ಟಿತೆ? ಅದನ್ನೂ ಪರೀಕ್ಷಿಸಿದೆ. ಜೋಡಣೆಯನ್ನು ತೆಗೆದು, ಇಡೀ ಚೌಕಟ್ಟನ್ನು ಅಳೆಯುವಂತೆ ಮಾಡಿ, ವಿದ್ಯಾರ್ಥಿಗಳ ನಾಟಕಕ್ಕೆ ಹೋದೆ. ರಂಗದ ಮೇಲೆ ಕಪ್ಪು ಪರದೆ, ನಡುವೆ ಒಂದು ದೀಪದ ಕೆಳಗೆ ಒಬ್ಬಳೇ ಹುಡುಗಿ. ಮೀಟರಿಗೆ ಚೌಕಟ್ಟಿನ ತುಂಬ ಕಂಡದ್ದು ಕಪ್ಪು. ಆ ಕಪ್ಪನ್ನೂ ಬೂದು ಮಾಡಬೇಕೆಂದು ಹೊರಟು ಬೆಳಕನ್ನು ಧಾರಾಳವಾಗಿ ಒಳಗೆ ಬಿಟ್ಟಿತು. ಪರದೆಯ ತೇಪೆಗಳೆಲ್ಲ ಕಂಡವು. ಹುಡುಗಿಯ ಮುಖ ಸುಣ್ಣ ಬಳಿದ ಗೋಡೆಯಾಯಿತು. ಡಿಜಿಟಲ್ ಚಿತ್ರದಲ್ಲಿ ಹೀಗೆ ಬೆಳಕಿನಲ್ಲಿ ಸುಟ್ಟುಹೋದದ್ದು ಮತ್ತೆ ಬರುವುದಿಲ್ಲ. ಕತ್ತಲೆಯಲ್ಲಿ ಮುಳುಗಿದ್ದನ್ನು ಸ್ವಲ್ಪಮಟ್ಟಿಗೆ ಎತ್ತಬಹುದು.

ಬಹುಮತದ ಸರಾಸರಿಯೂ ಒಬ್ಬಳಿಗೆ ಅನ್ಯಾಯ ಮಾಡಬಲ್ಲದೆಂದು ಅಂದು ಕಂಡೆ. ಅಂಥ ಹೊತ್ತಿನಲ್ಲಿ, "ಉಳಿದದ್ದು ಏನಾದರೂ ಆಗಲಿ, ಈ ಮುಖವನ್ನು ಇದರ ಬೆಳಕಿನಿಂದಲೇ ಅಳೆಯುತ್ತೇನೆ" ಎಂದು ಹಟ ಹಿಡಿಯುವುದೇ ಧರ್ಮ. ರೋಗಿಯ ಬಳಿ ಕುಳಿತ ವೈದ್ಯ ಊರಿನ ಆರೋಗ್ಯದ ಸರಾಸರಿಯನ್ನು ನೆನೆಯುತ್ತ ಕೂರಬಾರದು. ಮಾತು ತೊದಲುವ ಮಗುವಿನ ಮಾತನ್ನು ಆ ಮಗುವಿನ ನಿನ್ನೆಯ ಮಾತಿನೊಡನೆ ಹೋಲಿಸಬೇಕೇ ಹೊರತು ಪಕ್ಕದ ಮನೆಯ ಮಗುವಿನೊಡನೆ ಅಲ್ಲ. ನೋಟಕ್ಕೆ ಅಳತೆಯನ್ನು ಜೋಡಿಸುವುದೆಂದರೆ ಒಂದು ಬಗೆಯ ಪ್ರೀತಿಯೇ ಸರಿ.

ಕತ್ತಲೆಯೆಲ್ಲ ಅನ್ಯಾಯವೂ ಅಲ್ಲ. ಮೈಸೂರಿನವರಾದ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರು ಗುರುದತ್ತರ 'ಕಾಗಜ್ ಕೆ ಫೂಲ್' (1959) ಚಿತ್ರದಲ್ಲಿ ಸ್ಟುಡಿಯೋದ ಕತ್ತಲೆಯ ನಡುವೆ ಇಳಿಸಿದ ಬೆಳಕಿನ ಕಂಬವನ್ನು ನೋಡಿದವರು ಮರೆಯಲಾರರು. ಅಲ್ಲಿ ಸುತ್ತಲಿನದೆಲ್ಲ ಕಪ್ಪು. ಆದರೆ ಯಾವುದು ಕಪ್ಪಾಗಬೇಕು, ಎಷ್ಟು ಕಪ್ಪಾಗಬೇಕು ಎಂಬುದನ್ನು ಬಲ್ಲವನೊಬ್ಬ ಬಲ್ಲಂತೆಯೇ ಇಟ್ಟ ಕಪ್ಪು ಅದು. ನನ್ನ ಚಿತ್ರದ ಕಪ್ಪು ಅಂಥದಲ್ಲ. ಅಲ್ಲೊಬ್ಬ ಮನುಷ್ಯ ನಿಂತಿದ್ದಾನೆಂಬುದೇ ನನ್ನ ಲೆಕ್ಕದಲ್ಲಿ ಇರಲಿಲ್ಲ. ದೋಷವಿರುವುದು ಕತ್ತಲೆಯಲ್ಲಲ್ಲ, ಅರಿವಿಲ್ಲದೆ ಹಂಚಿದ ಕತ್ತಲೆಯಲ್ಲಿ.

ಈ ಮಾತನ್ನು ಬರೆಯುವಾಗ ನನಗೆ ನೆನಪಾಗುವುದು ಕ್ಯಾಮೆರಾ ಅಲ್ಲ, ನನ್ನ ತರಗತಿ. ಅಲ್ಲಿಯೂ ನಾನು ಹಲವು ವರ್ಷ ಎರಡು ಬಿಂದುಗಳನ್ನು ಜೋಡಿಸಿಯೇ ಇಟ್ಟಿದ್ದೆ. ಒಂದು ವರ್ಷ ಮೊದಲ ಬೆಂಚಿನಲ್ಲಿ ಬಹಳ ಚುರುಕಾದ ಹುಡುಗನೊಬ್ಬನಿದ್ದ. ಷಟ್ಪದಿಯನ್ನು ಒಮ್ಮೆ ಓದಿದರೆ ಸಾಕು, ಪದ ಬಿಡಿಸಿ ಅರ್ಥ ಹೇಳುತ್ತಿದ್ದ. ಪಾಠ ಮಾಡುವವನಿಗೆ ಅಂಥ ಒಂದು ಮುಖ ಸಿಕ್ಕಿತೆಂದರೆ ಬೇರೆ ಕಡೆ ಕಣ್ಣು ಹೋಗುವುದು ಕಷ್ಟ. ಅವನು ತಲೆದೂಗಿದರೆ ಮುಂದಿನ ಪದ್ಯಕ್ಕೆ ಹೋಗುತ್ತಿದ್ದೆ. ಅವನು ಹುಬ್ಬು ಗಂಟಿಕ್ಕಿದರೆ ಮತ್ತೊಮ್ಮೆ ಹೇಳುತ್ತಿದ್ದೆ. ತರಗತಿ ಚೆನ್ನಾಗಿ ನಡೆಯುತ್ತಿದೆ ಎಂದು ಪ್ರತಿದಿನ ತೃಪ್ತಿಯಿಂದ ಮನೆಗೆ ಹೋಗುತ್ತಿದ್ದೆ. ಅರವತ್ತು ಮಂದಿಯ ತರಗತಿಯಲ್ಲಿ ಬೆಳಕನ್ನು ಒಂದು ಬಿಳಿಯ ಜುಬ್ಬದಿಂದ ಅಳೆಯುತ್ತಿದ್ದೇನೆಂಬುದು ನನಗೆ ಹೊಳೆದಿರಲಿಲ್ಲ.

ಆ ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎರಡನೆಯ ವರ್ಷದ ನಡುವೆ ಕಾಲೇಜು ಬಿಟ್ಟಳು. ಟಿ.ಸಿ. ತೆಗೆದುಕೊಳ್ಳಲು ಬಂದಾಗ ಕಾರಿಡಾರಿನಲ್ಲಿ ಸಿಕ್ಕಳು. "ಏಕಮ್ಮ, ಕನ್ನಡವೂ ಕಷ್ಟವಾಯಿತೆ?" ಎಂದು ಸ್ವಲ್ಪ ಹಾಸ್ಯವಾಗಿಯೇ ಕೇಳಿದೆ. ಅವಳು ತಲೆ ತಗ್ಗಿಸಿ, "ಇಲ್ಲ ಸಾರ್, ನೀವು ಚೆನ್ನಾಗಿ ಪಾಠ ಮಾಡ್ತೀರಿ. ಆದ್ರೆ ಅವನಿಗೆ ಮಾಡ್ತೀರಿ. ನಾವು ಕೇಳಿಸ್ಕೊಳ್ತೀವಿ" ಎಂದಳು. ಅದರಲ್ಲಿ ದೂರು ಇರಲಿಲ್ಲ. ಮಳೆ ಬರುತ್ತಿದೆ ಎನ್ನುವಂತೆ ಹೇಳಿದಳು. ಅವಳು ಕಾಲೇಜು ಬಿಡುವುದಕ್ಕೆ ಮನೆಯ ಕಷ್ಟವೂ ಕಾರಣವಾಗಿತ್ತೆಂದು ಆಮೇಲೆ ತಿಳಿಯಿತು. ಅದನ್ನು ತಿಳಿದು ನನಗೆ ಒಳಗೊಳಗೆ ಹಗುರವಾಯಿತೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಅದಕ್ಕಾಗಿ ಈಗಲೂ ನಾಚಿಕೆಯಿದೆ.

ಉತ್ತರಪತ್ರಿಕೆಗಳ ಮೌಲ್ಯಮಾಪನ ಮಾಡಿದವರೆಲ್ಲರೂ ಇದರ ಇನ್ನೊಂದು ರೂಪವನ್ನು ಬಲ್ಲರು. ಒಂದು ಅಸಾಧಾರಣ ಉತ್ತರವನ್ನು ಓದಿದ ಮೇಲೆ ಬರುವ ಐದಾರು ಪತ್ರಿಕೆಗಳು ಅಕಾರಣವಾಗಿ ಮಂಕಾಗಿ ಕಾಣುತ್ತವೆ. ಅವುಗಳ ತಪ್ಪು ಏನು? ಕಟ್ಟಿನಲ್ಲಿ ಆ ಜಾಗಕ್ಕೆ ಬಂದದ್ದಷ್ಟೆ. ಪಕ್ಷಪಾತ ಎಂಬ ಮಾತನ್ನು ಬಿಡಿಸಿ ನೋಡಿದರೆ ಒಂದು ಪಕ್ಕಕ್ಕೆ ಬೀಳುವುದು ಎಂದು ಅರ್ಥ. ಬೀಳಬೇಕೆಂದು ಯಾರೂ ಬೀಳುವುದಿಲ್ಲ. ಲಂಚ ತಿಂದು ಮಾಡುವ ಪಕ್ಷಪಾತ ಲೋಕದಲ್ಲಿ ಬೇಕಾದಷ್ಟಿದೆ, ಅದನ್ನು ಖಂಡಿಸುವುದು ಸುಲಭ. ಮೆಚ್ಚಿಕೆಯಿಂದ, ಒಳ್ಳೆಯ ಅಭಿರುಚಿಯಿಂದ, ಗುಣಗ್ರಹಣದಿಂದ ನಡೆಯುವ ಪಕ್ಷಪಾತವೇ ಕಣ್ಣಿಗೆ ಬೀಳದಂಥದು.

ಹಾಗಾದರೆ ಮಾಡಬೇಕಾದುದೇನು? ಕ್ಯಾಮೆರಾ ಕಟ್ಟಿದವರು ಈ ಪ್ರಶ್ನೆಯನ್ನು ತಮ್ಮ ರೀತಿಯಲ್ಲಿ ಬಹುಕಾಲ ಯೋಚಿಸಿದ್ದಾರೆ. ಜಪಾನಿನ ಪೆಂಟಾಕ್ಸ್ ಕಂಪನಿ 1960ರಲ್ಲಿ ಬೊಟ್ಟಿನಿಂದ ಅಳೆಯುವ ಕ್ಯಾಮೆರಾದ ಮಾದರಿಯೊಂದನ್ನು ಪ್ರದರ್ಶಿಸಿತು. 1964ರಲ್ಲಿ ಅದು ಮಾರುಕಟ್ಟೆಗೆ ಬರುವ ಹೊತ್ತಿಗೆ ಮನಸ್ಸು ಬದಲಾಗಿ ಇಡೀ ಚೌಕಟ್ಟಿನ ಸರಾಸರಿಯನ್ನು ಅಳೆಯುವಂತೆ ಮಾಡಿದ್ದರು; 'ಸ್ಪಾಟ್‌ಮ್ಯಾಟಿಕ್' ಎಂಬ ಹೆಸರು ಮಾತ್ರ ಹಾಗೆಯೇ ಉಳಿಯಿತು. ಹೆಸರಿನಲ್ಲಿ ಒಬ್ಬನ ಪಕ್ಷ, ನಡತೆಯಲ್ಲಿ ಸರಾಸರಿಯ ಪಕ್ಷ. ನಮ್ಮ ಅನೇಕ ಸಂಸ್ಥೆಗಳ ಹೆಸರುಗಳೂ ಹೀಗೆಯೇ. 1983ರಲ್ಲಿ ಒಂದೇ ವರ್ಷ ಎರಡು ಬೇರೆಬೇರೆ ಉತ್ತರಗಳು ಬಂದವು. ನಿಕಾನ್ ಎಫ್‌ಎ ಚೌಕಟ್ಟನ್ನು ಐದು ಭಾಗ ಮಾಡಿ, ಒಂದೊಂದರ ಬೆಳಕನ್ನೂ ತೂಗಿ, ತಾನೇ ತೀರ್ಮಾನಕ್ಕೆ ಬರತೊಡಗಿತು. ಒಲಿಂಪಸ್ ಓಎಂ-4 ತೀರ್ಮಾನವನ್ನು ಮನುಷ್ಯನಿಗೆ ಬಿಟ್ಟಿತು: ಬೊಟ್ಟನ್ನು ಬೇಕಾದ ಕಡೆಗಳಿಗೆ ಒಯ್ದು ಎಂಟು ಸಲದವರೆಗೆ ಅಳೆಯಬಹುದು, ಕ್ಯಾಮೆರಾ ಆ ಎಂಟನ್ನೂ ಕೂಡಿಸಿ ಹದವನ್ನು ಹೇಳುತ್ತದೆ. ಕೇಶಿರಾಜನ ಹತ್ತಕ್ಕೆ ಎರಡು ಕಡಿಮೆ, ಆದರೂ ದಾರಿ ಅದೇ. ಬಳಿಕ 1998ರ ಕ್ಯಾನನ್ ಇಓಎಸ್-3 ಇನ್ನೊಂದು ತುದಿಗೆ ಹೋಯಿತು. ಅದರಲ್ಲಿ ಕಣ್ಣಿನ ಚಲನೆಯನ್ನು ಅರಿಯುವ ಏರ್ಪಾಡಿತ್ತು. ನೋಡುಗನ ದೃಷ್ಟಿ ಎಲ್ಲಿ ನಿಂತರೆ ಅಲ್ಲಿಗೆ ಫೋಕಸ್. ಜೋಡಿಸಿಟ್ಟುಕೊಂಡರೆ ಅಳತೆಯೂ ಅದರ ಹಿಂದೆಯೇ. ಕಣ್ಣು ಹೊರಳಿದರೆ ಸಾಕು, ತೀರ್ಪೂ ಹೊರಳಿತು. ನಮ್ಮ ಮನಸ್ಸು ಯಾವ ಯಂತ್ರದ ಸಹಾಯವೂ ಇಲ್ಲದೆ ದಿನವಿಡೀ ಮಾಡುವ ಕೆಲಸ ಇದೇ ಅಲ್ಲವೆ?

ನನಗೆ ಇವೆಲ್ಲಕ್ಕಿಂತ ಹಳೆಯ ಉತ್ತರವೊಂದು ನೆನಪಿಗೆ ಬರುತ್ತದೆ. ಚಿಕ್ಕಂದಿನಲ್ಲಿ ನಮ್ಮ ಮನೆಯ ಹಬ್ಬದ ಪಂಕ್ತಿಯಲ್ಲಿ ನನ್ನ ಅಮ್ಮ ಬಡಿಸುತ್ತಿದ್ದುದನ್ನು ಕಂಡಿದ್ದೇನೆ. ಪಂಕ್ತಿಭೇದ ಮಾಡಬಾರದೆಂಬುದು ಹಿರಿಯರ ಕಟ್ಟಳೆ. ಹಾಗೆಂದು ಎಲ್ಲ ಎಲೆಗೂ ಎಣಿಸಿ ಒಂದೇ ಅಳತೆಯ ಸೌಟು ಹಾಕುತ್ತಿದ್ದಳೆ? ಇಲ್ಲ. ಹೊಲದಿಂದ ಬಂದವರ ಎಲೆಗೆ ಅನ್ನ ಹೆಚ್ಚು, ಮಗುವಿನ ಎಲೆಗೆ ಕಡಿಮೆ, ಹಲ್ಲಿಲ್ಲದ ಅಜ್ಜನ ಎಲೆಗೆ ಮೆತ್ತಗೆ ಕಲಸಿದ್ದು. ಒಂದೊಂದು ಎಲೆಯ ಮುಂದೆಯೂ ಬಗ್ಗಿ ಆ ಎಲೆಯನ್ನೇ ನೋಡಿ ಬಡಿಸುವಳು. ಆದರೆ ಯಾವ ಎಲೆಯ ಮುಂದೆಯೂ ನಿಂತುಬಿಡುತ್ತಿರಲಿಲ್ಲ. ಸಾಲಿನ ತುದಿಯವರೆಗೆ ಹೋಗದೆ ಹಿಂದಿರುಗುತ್ತಿರಲಿಲ್ಲ. ನನ್ನ ಮೇಲೆ ಅವಳಿಗೆ ಪ್ರೀತಿ ಹೆಚ್ಚೆಂದು ನನಗೆ ಗೊತ್ತಿತ್ತು, ಹಾಗಾಗಿ ಪಾಯಸ ನನ್ನ ಎಲೆಯ ಬಳಿ ಸ್ವಲ್ಪ ನಿಲ್ಲಲೆಂದು ಆಸೆಪಡುತ್ತಿದ್ದೆ. ನಿಲ್ಲುತ್ತಿರಲಿಲ್ಲ. ಅವಳ ನೋಟಕ್ಕೂ ಅಳತೆಗೂ ಜೋಡಣೆ ಇತ್ತು. ಆದರೆ ಆ ಜೋಡಿ ಒಂದು ಕಡೆ ನೆಟ್ಟು ನಿಲ್ಲದೆ ಎಲ್ಲರ ಬಳಿಗೂ ನಡೆದು ಹೋಗುತ್ತಿತ್ತು. ನ್ಯಾಯದ ಗುಟ್ಟು ಜೋಡಣೆಯನ್ನು ಕಡಿಯುವುದರಲ್ಲಿಲ್ಲ, ಆ ನಡಿಗೆಯಲ್ಲಿದೆ ಎಂದು ಈಗ ನನಗೆ ತೋರುತ್ತದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಸುಲಭವಾಗಿ ಪಾರಾಗುತ್ತಿದ್ದೆ. ಇನ್ನೂ ಒಂದು ಪಾಠ ಬಾಕಿಯಿತ್ತು.

ಮೊದಲು ಕೆಟ್ಟ ಚಿತ್ರವನ್ನೇ ತಿದ್ದಲು ಪ್ರಯತ್ನಿಸಿದೆ. ಕಂಪ್ಯೂಟರ್ ಬಲ್ಲ ವಿದ್ಯಾರ್ಥಿಯೊಬ್ಬ ಕ್ಯಾಮೆರಾ ದಾಖಲಿಸಿಕೊಂಡಿದ್ದ ರಾ ಫೈಲನ್ನು ತೆರೆದು, ಆ ತುದಿಯ ಕತ್ತಲೆಯನ್ನು ಮೆಲ್ಲಗೆ ಎತ್ತಿದ. ಮುಖ ಬಂತು. ಆದರೆ ಅದರ ತುಂಬ ರವೆ ಚೆಲ್ಲಿದಂತೆ ಬಣ್ಣಬಣ್ಣದ ಕಾಳುಗಳು. "ಬೆಳಕು ಆಗಲೇ ಬೀಳಬೇಕಿತ್ತು ಸಾರ್. ಇಲ್ಲದ ಬೆಳಕನ್ನು ಈಗ ಹೆಚ್ಚಿಸಿದರೆ ಅದರ ಜೊತೆಗೆ ಕಸವೂ ಹೆಚ್ಚುತ್ತೆ" ಎಂದ. ಸಮಯ ಮೀರಿ ಮಾಡಿದ ನ್ಯಾಯದ ವಿಷಯದಲ್ಲಿ ಇದಕ್ಕಿಂತ ಚೆನ್ನಾದ ಮಾತನ್ನು ನಾನು ಯಾವ ಗ್ರಂಥದಲ್ಲಿಯೂ ಓದಿದ ನೆನಪಿಲ್ಲ.

ಆಮೇಲೆ ಒಂದು ಭಾನುವಾರ ನಿವೃತ್ತರಾದ ಆ ಅಟೆಂಡರ್ ಮನೆಗೇ ಹೋದೆ. ಮನೆಯ ಮುಂದಿನ ಜಗಲಿಯ ಮೇಲೆ ಅವರನ್ನು ಕೂರಿಸಿ, ಜೋಡಣೆಯನ್ನು ಮತ್ತೆ ಹಾಕಿ, ಬೊಟ್ಟನ್ನು ಅವರ ಮುಖದ ಮೇಲೆಯೇ ಇಟ್ಟು ತೆಗೆದೆ. ಈ ಸಲ ಇವರೇ ಅಳತೆಗೋಲು, ಇನ್ನೇನು ತಪ್ಪಾಗುತ್ತದೆ ಎಂದುಕೊಂಡಿದ್ದೆ. ಹಿಂಬದಿಯ ಪರದೆಯಲ್ಲಿ ಚಿತ್ರವನ್ನು ತೋರಿಸಿದಾಗ ಅವರ ಮೊಮ್ಮಗಳು ಇಣುಕಿ ನೋಡಿ, "ಇದು ತಾತ ಅಲ್ಲ! ತಾತ ಇಷ್ಟು ಬೆಳ್ಳಗಿಲ್ಲ" ಎಂದಿತು. ಮಗುವಿನ ಮಾತು ನಿಜ. ಅವರದು ಗಟ್ಟಿ ಕಪ್ಪು ಮೈಬಣ್ಣ. ಮೀಟರು ತನ್ನ ಸಿದ್ಧಾಂತವನ್ನು ಬಿಟ್ಟಿರಲಿಲ್ಲ. ಅಂದು ಬಿಳಿಯ ಜುಬ್ಬವನ್ನು ಬೂದು ಮಾಡಹೋದಂತೆ ಇಂದು ಕಪ್ಪು ಮುಖವನ್ನೂ ಬೂದು ಮಾಡಿತ್ತು. ಅಂದು ನಿರ್ಲಕ್ಷ್ಯದಿಂದ ಅವರನ್ನು ಅಳಿಸಿದ್ದೆ. ಇಂದು ಆದರದಿಂದ ಅವರನ್ನು ಅಳಿಸಿದೆ.

ನಡುವಣ ಅಳತೆ ಯಾವುದೆಂದು ಯಾರೋ ಎಲ್ಲೋ ಗೊತ್ತುಮಾಡಿರುತ್ತಾರೆ. ಉಳಿದವರು ಅದಕ್ಕೆ ಹೊಂದಿಕೊಳ್ಳಬೇಕಾಗುತ್ತದೆ. ಬಣ್ಣದ ಫಿಲ್ಮಿನ ಕಾಲದಲ್ಲಿ ಕೊಡಕ್ ಕಂಪನಿ ಪ್ರಯೋಗಾಲಯಗಳಿಗೆ ಕಳುಹಿಸುತ್ತಿದ್ದ 'ಶರ್ಲಿ ಕಾರ್ಡು'ಗಳಲ್ಲಿ ಬಹುಕಾಲ ಇದ್ದದ್ದು ಬಿಳಿಯ ಮೈಬಣ್ಣದ ಹೆಣ್ಣಿನ ಚಿತ್ರ. ಆಕೆಯ ಬಣ್ಣ ಸರಿಯಾಗಿ ಬಂದರೆ ಎಲ್ಲವೂ ಸರಿ ಎಂದು ಲೆಕ್ಕ. ಕಪ್ಪು ಮೈಯವರ ಮುಖಗಳು ಆ ಲೆಕ್ಕದಲ್ಲಿ ಎಷ್ಟು ಕಾಲ ಕಳೆದುಹೋದವೋ! ನಮ್ಮಲ್ಲಿ ಈಗಲೂ ಮದುವೆಯ ಆಲ್ಬಮ್ಮಿನಲ್ಲಿ ವಧುವನ್ನು ಬೆಳ್ಳಗೆ ಮಾಡಿ ಕೊಟ್ಟು, ಅದನ್ನು ಉಪಕಾರವೆಂದು ತಿಳಿಯುವವರಿದ್ದಾರೆ. ಮನುಷ್ಯನನ್ನು ಅವನಿರುವಂತೆ ಕಾಣುವುದಕ್ಕಿಂತ ನಮ್ಮ ಮಧ್ಯಮಮಾನಕ್ಕೆ ಎತ್ತಿ ಕೂರಿಸುವುದು ಹೆಚ್ಚಿನ ಗೌರವವೆಂಬ ಭ್ರಮೆ ಅದು. ಹಿಂದಿನ ಬೆಂಚಿನ ವಿದ್ಯಾರ್ಥಿಗೆ ಕನಿಕರದಿಂದ ಐದು ಅಂಕ ಹೆಚ್ಚು ಹಾಕಿ ನಾನೂ ಈ ಉಪಕಾರ ಮಾಡಿದ್ದುಂಟು. ಅವನ ಉತ್ತರವನ್ನು ಎರಡನೆಯ ಸಲ ಓದುವ ಶ್ರಮ ಅದರಿಂದ ಉಳಿಯುತ್ತಿತ್ತು.

ಬೊಟ್ಟನ್ನು ಸರಿಯಾದ ಜಾಗದಲ್ಲಿ ಇಟ್ಟರೆ ಸಾಲದು. ಅಲ್ಲಿರುವುದು ಏನೆಂಬುದನ್ನು ಅಳೆಯುವವನು ತಾನೇ ಬಲ್ಲವನಾಗಿರಬೇಕು. ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಸುಮಾರಿಗೆ ರೂಪಿಸಿದ ಝೋನ್ ಪದ್ಧತಿಯ ತಿರುಳೂ ಇದೇ. ಮೀಟರು ಒಂದು ಸಂಖ್ಯೆಯನ್ನು ಹೇಳುತ್ತದೆ. ಆ ಜಾಗ ಚಿತ್ರದಲ್ಲಿ ಎಷ್ಟು ಕಪ್ಪಾಗಿ, ಎಷ್ಟು ಬೆಳ್ಳಗೆ ಇರಬೇಕೆಂದು ಹೇಳಬೇಕಾದವನು ಮನುಷ್ಯ. ಅದಕ್ಕಾಗಿಯೇ ಕ್ಯಾಮೆರಾದಲ್ಲಿ ಕೂಡುವ, ಕಳೆಯುವ ಗುರುತುಗಳಿರುವ ಒಂದು ತಿರುಗಣೆ ಇರುತ್ತದೆ. "ನೀನು ಹೇಳುವುದು ಸರಿ, ಆದರೆ ಈತನನ್ನು ನಾನು ಬಲ್ಲೆ" ಎಂದು ಯಂತ್ರಕ್ಕೆ ಹೇಳುವುದಕ್ಕೆ ಇರುವ ತಿರುಗಣೆ ಅದು. ಅದನ್ನು ಒಂದು ಸ್ಟಾಪ್ ಕಡಿಮೆಗೆ ತಿರುಗಿಸಿ ಮತ್ತೆ ತೆಗೆದೆ. ಕಪ್ಪು ಕಪ್ಪಾಗಿ ಬಂತು, ಅದರೊಳಗೆ ಕಣ್ಣು, ಕೆನ್ನೆಯ ಗೆರೆ, ಬಿಳಿಯ ಮೀಸೆ ಎಲ್ಲವೂ ಬಂದವು. ಮಗುವಿಗೆ ತೋರಿಸಿದೆ. "ಹೂಂ, ಇದು ತಾತ" ಎಂದಿತು. ನನ್ನ ಪರೀಕ್ಷೆಯಲ್ಲಿ ಅಂದು ಮೌಲ್ಯಮಾಪಕಿ ಅವಳೇ.

ಈಗ ನನ್ನ ಕ್ಯಾಮೆರಾದಲ್ಲಿ ಜೋಡಣೆ ಹಾಗೆಯೇ ಇದೆ, ತೆಗೆದಿಲ್ಲ. ಗುಂಪಿನ ಚಿತ್ರ ತೆಗೆಯುವಾಗ ಮಾತ್ರ ಗುಂಡಿ ಒತ್ತುವ ಮೊದಲು ಬೊಟ್ಟನ್ನು ಒಮ್ಮೆ ಬಿಸಿಲಿನಲ್ಲಿರುವವರ ಮೇಲೆ, ಒಮ್ಮೆ ನೆರಳಿನಲ್ಲಿರುವವರ ಮೇಲೆ, ಒಮ್ಮೆ ಸಾಲಿನ ತುದಿಯವರ ಮೇಲೆ ಒಯ್ದು ನೋಡುತ್ತೇನೆ. ಎಲ್ಲರಿಗೂ ಒಪ್ಪುವ ಅಳತೆ ಸಿಗದಿದ್ದರೆ ಜನರನ್ನೇ ನೆರಳಿಗೆ ಕರೆಯುತ್ತೇನೆ. ಮುಖ್ಯ ಅತಿಥಿಗಳು ಎದ್ದು ಕುರ್ಚಿ ಹಿಂದಕ್ಕೆ ಹಾಕಿಕೊಳ್ಳಬೇಕಾಗುತ್ತದೆ, ಕೆಲವರು ಗೊಣಗುತ್ತಾರೆ. ತರಗತಿಯಲ್ಲಿಯೂ ಪದ್ಯದಿಂದ ಪದ್ಯಕ್ಕೆ ಹೋಗುವ ಮೊದಲು ಹಿಂದಿನ ಬೆಂಚಿನವರೆಗೆ ನಡೆದು ಹೋಗಿ ಬರುವ ಅಭ್ಯಾಸ ಮಾಡಿಕೊಂಡಿದ್ದೇನೆ. ಪಾಠ ಸ್ವಲ್ಪ ನಿಧಾನವಾಗಿದೆ, ಪಠ್ಯಭಾಗ ಮುಗಿಯುವುದಿಲ್ಲವೆಂಬ ಆಕ್ಷೇಪಣೆಯೂ ಬಂದಿದೆ. ಆಕ್ಷೇಪಣೆಯಲ್ಲಿ ಸತ್ಯವಿಲ್ಲದೆ ಇಲ್ಲ.

ಅಂದಿನ ಗ್ರೂಪ್ ಫೋಟೋ ಕಟ್ಟು ಹಾಕಿಸಿಕೊಂಡು ಕಾಲೇಜಿನ ಗೋಡೆಯ ಮೇಲೆ ಇನ್ನೂ ಇದೆ. ಅದರ ಕೆಳಗೆ ಎಲ್ಲರ ಹೆಸರುಗಳನ್ನೂ ಸಾಲಾಗಿ ಬರೆಸಿದ್ದಾರೆ. ಹಿಂದಿನ ಸಾಲಿನ ಕೊನೆಯ ಹೆಸರು ಬಿಟ್ಟುಹೋಗಿತ್ತು. ಬರೆದವರಿಗೆ ಅಲ್ಲಿ ಯಾರೂ ಕಂಡಿರಲಿಲ್ಲ. ಕಳೆದ ತಿಂಗಳು ನಾನೇ ಕಟ್ಟು ಬಿಚ್ಚಿಸಿ ಆ ಹೆಸರನ್ನು ಸೇರಿಸಿದೆ.